ತಾಯಿಯ ಪತ್ರ, ಹೆಂಡತಿಯ ಕಣ್ಣೀರು

1750ರಲ್ಲಿ ಲಂಡನ್ನಿನ ಕಾಲುಚೀಲದ ವ್ಯಾಪಾರಿಯೊಬ್ಬನ ಹೆಂಡತಿ, ತನ್ನನ್ನು ಸಭೆಗೆ ಸೇರಿಸಿಕೊಳ್ಳಬೇಕೆಂದು ಬೇಡಿ ಫೆಟರ್ ಲೇನ್‌ನ ಮೊರೇವಿಯನ್ ಕ್ರೈಸ್ತರಿಗೆ ಪತ್ರ ಬರೆದಳು. ಹೆಸರು ಕ್ಯಾಥರಿನ್ ಆರ್ಮಿಟೇಜ್. ಕಾಗುಣಿತ ನೆಟ್ಟಗಿಲ್ಲ, ವಾಕ್ಯಗಳ ನಡುವೆ ನಿಲುಗಡೆ ಇಲ್ಲ. ತಾನೊಬ್ಬ ಬಡಜೀವಿ, ಹೇಳಿಕೊಳ್ಳಲು ಏನೂ ಇಲ್ಲ ಎಂದು ಶುರುಮಾಡುವ ಈಕೆ ಮುಂದಿನ ಸಾಲುಗಳಲ್ಲಿ ಹೇಳುವುದು ಇಷ್ಟು: ಹೋದ ಶುಕ್ರವಾರದ ಪ್ರೀತಿಭೋಜನದಲ್ಲಿ (ಸಭೆಯವರು ಒಟ್ಟಿಗೆ ಕೂತು ಉಣ್ಣುವ ಆರಾಧನೆ) ರಕ್ಷಕನು ದಯೆತೋರಿ, ನಾನು ಅವನ ಗಾಯಗಳನ್ನು ಹೀರುವಂತೆಯೂ ಶಿಲುಬೆಯನ್ನು ಹಿಂದೆಂದಿಗಿಂತ ಬಿಗಿಯಾಗಿ ಅಪ್ಪಿಕೊಳ್ಳುವಂತೆಯೂ ಮಾಡಿದನು.

ಮರುವರ್ಷ ಆಕೆಯ ಗಂಡ ತೀರಿಕೊಂಡ. 1752ರಲ್ಲಿ ಆಕೆ ಇನ್ನೊಬ್ಬ ಕಾಲುಚೀಲದ ವ್ಯಾಪಾರಿ ಜೇಮ್ಸ್ ಬ್ಲೇಕ್‌ನನ್ನು ಮದುವೆಯಾದಳು. 1757ರ ನವೆಂಬರ್ 28ರಂದು ಸೋಹೊದ ಬ್ರಾಡ್ ಸ್ಟ್ರೀಟ್‌ನ ಅಂಗಡಿಮನೆಯಲ್ಲಿ ಅವರಿಗೆ ಹುಟ್ಟಿದ ಮಗನೇ ಕವಿ, ಚಿತ್ರಗಾರ, ಕೆತ್ತನೆಗಾರ ವಿಲಿಯಂ ಬ್ಲೇಕ್.

ಈ ಪತ್ರದ ವಿಷಯ ಹೊರಜಗತ್ತಿಗೆ ತಿಳಿದದ್ದು ಇತ್ತೀಚೆಗೆ. ಲಂಡನ್ನಿನ ಮೊರೇವಿಯನ್ ದಾಖಲೆಗಳಲ್ಲಿ ಇದ್ದದ್ದನ್ನು ಕೆರಿ ಡೇವೀಸ್ ಮತ್ತು ಮಾರ್ಶಾ ಕೀತ್ ಶುಚರ್ಡ್ 2004ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಬ್ಲೇಕ್‌ನ ಮನೆಯ ಧರ್ಮ ಯಾವುದೆಂಬುದು ಊಹೆಯ ಆಟವಾಗಿತ್ತು. ಇತಿಹಾಸಕಾರ ಇ. ಪಿ. ಥಾಂಪ್ಸನ್ ಅಂಥವರು, ಈ ತಾಯಿ ಮಗಲ್ಟೋನಿಯನ್ ಎಂಬ ಪುಟ್ಟ ಪಂಗಡದ ಕಡೆಯವಳಿರಬಹುದೆಂದು ಒಂದು ಪುಸ್ತಕದುದ್ದಕ್ಕೂ ವಾದಿಸಿದ್ದರು. ಆ ವಾದದ ಒಂದು ಕಾಲು ಅವಳ ಮೊದಲ ಮದುವೆಯ ಹೆಸರಿನ ಮೇಲೆ ನಿಂತಿತ್ತು. ಆ ಹೆಸರನ್ನು ಓದಿದ್ದೇ ತಪ್ಪಾಗಿತ್ತು. ಥಾಂಪ್ಸನ್ ಪುಸ್ತಕ ಈಗಲೂ ಓದಲು ಬಲು ಚೆನ್ನ, ಅದು ಬೇರೆ ಮಾತು.

ಮೊರೇವಿಯನ್ನರ ಬಗ್ಗೆ ಸ್ವಲ್ಪ ಹೇಳಲೇಬೇಕು. ಸ್ಯಾಕ್ಸನಿಯ ಶ್ರೀಮಂತ ಜಹಗೀರುದಾರ ಕೌಂಟ್ ಜಿನ್ಸೆನ್‌ಡಾರ್ಫ್ 1722ರಲ್ಲಿ ಮೊರೇವಿಯಾದಿಂದ ಓಡಿಬಂದ ಪ್ರಾಟೆಸ್ಟೆಂಟ್ ನಿರಾಶ್ರಿತರಿಗೆ ತನ್ನ ಜಮೀನಿನಲ್ಲಿ ನೆಲೆ ಕೊಟ್ಟ. ಅಲ್ಲಿ ಎದ್ದ ಊರು ಹೆರ್ನ್‌ಹುಟ್. ಅಲ್ಲಿಂದ ಅವರ ಧರ್ಮಪ್ರಚಾರಕರು ಗ್ರೀನ್‌ಲ್ಯಾಂಡಿನಿಂದ ಕೆರಿಬಿಯನ್ ದ್ವೀಪಗಳವರೆಗೆ ಹೋದರು. ಜಾನ್ ವೆಸ್ಲಿ ಕೂಡ ಮೆಥೊಡಿಸ್ಟ್ ಪಂಥ ಕಟ್ಟುವ ಮೊದಲು ಫೆಟರ್ ಲೇನ್‌ನಲ್ಲಿ ಇವರೊಡನೆ ಕೂತು ಹಾಡಿದವನೇ, ಆಮೇಲೆ ಜಗಳವಾಡಿ ಹೊರನಡೆದ. 1740ರ ದಶಕದಲ್ಲಿ ಈ ಸಭೆಯ ಭಕ್ತಿ ಒಂದು ವಿಚಿತ್ರ ಕಾವನ್ನು ಪಡೆಯಿತು. ಶಿಲುಬೆಯ ಮೇಲಿದ್ದ ಯೇಸುವಿನ ಪಕ್ಕೆಯನ್ನು ಸೈನಿಕನೊಬ್ಬ ಈಟಿಯಿಂದ ತಿವಿದನಲ್ಲ, ಆ ಗಾಯವೇ ಅವರ ಧ್ಯಾನದ ಕೇಂದ್ರವಾಯಿತು. ಅದು ಸಭೆಯನ್ನು ಹೆತ್ತ ಗರ್ಭ, ಭಕ್ತ ಹೊಕ್ಕು ಮಲಗುವ ಮನೆ, ಎಂದೂ ಬತ್ತದ ಮೊಲೆ. ಅಂಗೈಯಗಲದ ಚೀಟಿಗಳ ಮೇಲೆ ಅವರು ಆ ಗಾಯವನ್ನು ಕೆಂಪಗೆ ಬರೆದು, ಅದರೊಳಗೆ ಹಾಸಿಗೆ ಹಾಕಿಕೊಂಡೋ ಊಟಕ್ಕೆ ಕೂತೋ ಇರುವ ಪುಟಾಣಿ ಜನರನ್ನು ಚಿತ್ರಿಸುತ್ತಿದ್ದರು. ದೇವರು ಗಂಡು ದೇಹದಲ್ಲಿ, ಹೆಣ್ಣಿನ ಗರ್ಭದಲ್ಲಿ ವಾಸಮಾಡಿದ ಮೇಲೆ ಆ ಅಂಗಗಳಲ್ಲಿ ನಾಚಿಕೆಯದೇನಿದೆ ಎಂಬುದು ಜಿನ್ಸೆನ್‌ಡಾರ್ಫ್‌ನ ಕೇಳಿಕೆ. ದಾಂಪತ್ಯದ ಕೂಟ ಅವನಿಗೆ ಆರಾಧನೆಯ ಒಂದು ಬಗೆ, ಕ್ರಿಸ್ತ ಮತ್ತು ಸಭೆಯ ಮಿಲನದ ಅಭಿನಯ. ಹೊಸದಾಗಿ ಮದುವೆಯಾದವರಿಗೆ ಸಭೆಯ ಹಿರಿಯರೇ ಈ ವಿಷಯದಲ್ಲಿ ಉಪದೇಶ ಕೊಡುತ್ತಿದ್ದರು.

‘ಶರಣಸತಿ ಲಿಂಗಪತಿ’ ಎಂಬ ಮಾತನ್ನು ಕೇಳಿಕೊಂಡೇ ಬೆಳೆದ ಕನ್ನಡದ ಓದುಗರಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದು ಕಾಣಲಿಕ್ಕಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡ್ ಮಾತ್ರ ಬೆಚ್ಚಿತು. 1753ರಲ್ಲಿ ಹೆನ್ರಿ ರಿಮಿಯಸ್ ಎಂಬಾತ ಇವರ ಹಾಡುಗಳನ್ನೂ ಪ್ರವಚನಗಳನ್ನೂ ಎತ್ತಿಕೊಂಡು ಬಯಲಿಗೆಳೆಯುವ ಪುಸ್ತಕ ಬರೆದ. ಅಷ್ಟರಲ್ಲಿ ಜಿನ್ಸೆನ್‌ಡಾರ್ಫ್‌ನೇ ಅತಿರೇಕಕ್ಕೆ ಕಡಿವಾಣ ಹಾಕಿಯಾಗಿತ್ತು. ಮೊರೇವಿಯನ್ನರೇ ಆಮೇಲೆ ಆ ವರ್ಷಗಳನ್ನು ‘ಜರಡಿಯ ಕಾಲ’ ಎಂದು ಕರೆದು, ಮುಜುಗರದ ಕಾಗದಗಳಲ್ಲಿ ಕೆಲವನ್ನು ನಾಶಮಾಡಿದರು.

ಕ್ಯಾಥರಿನ್ ಬರೆದದ್ದು ಈ ಕಾವಿನ ಕೊನೆಯ ಭಾಗದಲ್ಲಿ. ಬ್ಲೇಕ್ ಹುಟ್ಟುವ ಹೊತ್ತಿಗೆ ಆಕೆ ಸಭೆಯಿಂದ ಹೊರಗಿದ್ದಳು. ಹಾಗಿರುವಾಗ ಅವಳಿಂದ ಮಗನಿಗೆ ಬಂದದ್ದೇನು? ಪಾಠವಾಗಿ ಏನೂ ಬಂದಿರಲಿಕ್ಕಿಲ್ಲ. ಆದರೆ ಬ್ಲೇಕ್‌ನ ಮೊದಲ ದೊಡ್ಡ ಜೀವನಚರಿತ್ರೆ ಬರೆದ ಗಿಲ್‌ಕ್ರಿಸ್ಟ್ ದಾಖಲಿಸುವ ಒಂದು ಪ್ರಸಂಗವಿದೆ. ಹುಡುಗ ವಿಲಿಯಂ ಪೆಕ್ಹ್ಯಾಮ್ ರೈ ಕಡೆ ಅಲೆಯುತ್ತ ಒಂದು ಮರದ ತುಂಬ ದೇವದೂತರನ್ನು ಕಂಡ, ಕೊಂಬೆಕೊಂಬೆಯ ಮೇಲೂ ಅವರ ರೆಕ್ಕೆ ನಕ್ಷತ್ರದಂತೆ ಹೊಳೆಯುತ್ತಿತ್ತು. ಮನೆಗೆ ಬಂದು ಹೇಳಿದಾಗ ಸುಳ್ಳು ಹೇಳುತ್ತಾನೆಂದು ಅಪ್ಪ ಹೊಡೆಯಲು ಹೋದ, ಅಮ್ಮ ಅಡ್ಡಬಂದಳು. ಈ ಕಥೆಯನ್ನು ಎಲ್ಲರೂ ತಾಯಿಯ ಮರುಕ ಎಂದೇ ಓದುತ್ತ ಬಂದೆವು. ಪತ್ರ ಸಿಕ್ಕ ಮೇಲೆ ನನಗೆ ಅದು ಬೇರೆಯಾಗಿ ಕಾಣುತ್ತದೆ. ಊಟದ ಪಂಕ್ತಿಯಲ್ಲಿ ಕೂತು ರಕ್ಷಕನ ಗಾಯಕ್ಕೆ ಬಾಯಿಟ್ಟವಳಿಗೆ ಮರದ ಮೇಲಿನ ದೇವದೂತರು ಸುಳ್ಳೆನಿಸಲು ಕಾರಣವೇ ಇರಲಿಲ್ಲ.

ಎರಡನೆಯ ಮೂಲ ಹೆಚ್ಚು ಪ್ರಸಿದ್ಧ: ಇಮ್ಯಾನುಯೆಲ್ ಸ್ವೀಡನ್‌ಬೋರ್ಗ್. ಸ್ವೀಡನ್ನಿನ ಗಣಿ ಇಲಾಖೆಯ ಅಧಿಕಾರಿ, ವಿಜ್ಞಾನಿ, ಜೀವಮಾನವಿಡೀ ಅವಿವಾಹಿತ. ಐವತ್ತೈದು ದಾಟಿದ ಮೇಲೆ ಈತನಿಗೆ ದರ್ಶನಗಳು ಶುರುವಾದವು. 1744ರಲ್ಲಿ ಲಂಡನ್ನಿಗೆ ಬಂದಾಗ ಫೆಟರ್ ಲೇನ್‌ನಲ್ಲೇ, ಒಬ್ಬ ಮೊರೇವಿಯನ್ನನ ಮನೆಯಲ್ಲೇ ಇಳಿದುಕೊಂಡ. ಅವರ ಆರಾಧನೆಗೂ ಹೋದ, ಸಭೆ ಮಾತ್ರ ಸೇರಲಿಲ್ಲ. ಮುಂದೆ ಅವರನ್ನು ಕಟುವಾಗಿ ಬೈದ. ಆ ವರ್ಷಗಳ ಅವನ ಕನಸಿನ ದಿನಚರಿಯಲ್ಲಿ ದೇವರೂ ಹೆಂಗಸರೂ ಒಂದೇ ರಾತ್ರಿಯಲ್ಲಿ ಬರುತ್ತಾರೆ. ಹಲ್ಲುಗಳಿರುವ ಯೋನಿಯ ಕನಸನ್ನು ಆತ ಗಣಿಯ ವರದಿ ಬರೆಯುವವನ ನಿರ್ಲಿಪ್ತಿಯಿಂದಲೇ ಬರೆದಿಟ್ಟಿದ್ದಾನೆ. ಈ ದಿನಚರಿಯನ್ನು ಬ್ಲೇಕ್‌ಗೆ ಅಂಟಿಸುವ ಉತ್ಸಾಹಿಗಳು ಒಂದನ್ನು ಮರೆಯಬಾರದು: ಅದು ಅಚ್ಚಾದದ್ದು 1859ರಲ್ಲಿ, ಬ್ಲೇಕ್ ಸತ್ತು ಮೂವತ್ತೆರಡು ವರ್ಷವಾದ ಮೇಲೆ.

ಬ್ಲೇಕ್ ಓದಿದ ಸ್ವೀಡನ್‌ಬೋರ್ಗ್ ಅಚ್ಚಿನ ಪುಸ್ತಕಗಳವನು. ಸ್ವರ್ಗ ಮತ್ತು ನರಕದ ಮೇಲಿನದು, ದೈವೀ ಪ್ರೇಮ ಮತ್ತು ಜ್ಞಾನದ ಮೇಲಿನದು, ದೈವಸಂಕಲ್ಪದ ಮೇಲಿನದು. ಇವುಗಳ ಅಂಚುಗಳಲ್ಲಿ ಬ್ಲೇಕ್‌ನ ಕೈಬರಹದ ಟಿಪ್ಪಣಿಗಳಿವೆ, ಮೊದಮೊದಲು ಮೆಚ್ಚುಗೆ, ಬರುಬರುತ್ತ ಸಿಟ್ಟು. 1768ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊರಬಂದ ದಾಂಪತ್ಯಪ್ರೇಮದ ಪುಸ್ತಕದಲ್ಲಿ ಈ ಬ್ರಹ್ಮಚಾರಿ ಹೇಳುವುದು: ಸ್ವರ್ಗದಲ್ಲೂ ಗಂಡುಹೆಣ್ಣು ಇದ್ದಾರೆ, ಅಲ್ಲಿಯೂ ಕೂಟವಿದೆ, ನಿಜವಾಗಿ ಕೂಡಿದ ಇಬ್ಬರು ಸೇರಿ ಒಬ್ಬ ದೇವದೂತನಾಗುತ್ತಾರೆ. ಅದೇ ಪುಸ್ತಕದ ಎರಡನೆಯ ಭಾಗದಲ್ಲಿ, ಕೆಲವು ಸಂದರ್ಭಗಳಲ್ಲಿ ಗಂಡಸು ಉಪಪತ್ನಿಯನ್ನು ಇಟ್ಟುಕೊಳ್ಳಬಹುದು ಎಂಬ ವಿನಾಯಿತಿಯೂ ಇದೆ. ಹೆಂಗಸಿಗೆ ಯಾವ ವಿನಾಯಿತಿಯೂ ಇಲ್ಲ.

1789ರ ಏಪ್ರಿಲ್‌ನಲ್ಲಿ ಲಂಡನ್ನಿನ ಗ್ರೇಟ್ ಈಸ್ಟ್‌ಚೀಪ್‌ನಲ್ಲಿ ಸ್ವೀಡನ್‌ಬೋರ್ಗ್ ಅನುಯಾಯಿಗಳ ಮೊದಲ ಮಹಾಸಭೆ ಸೇರಿತು. ಹಾಜರಾದವರ ಸಹಿಗಳಲ್ಲಿ ಬ್ಲೇಕ್‌ನದೂ ಅವನ ಹೆಂಡತಿಯದೂ ಇವೆ. ಅದೇ ವರ್ಷ ಆ ಸಭೆ ಉಪಪತ್ನಿಯ ಪ್ರಶ್ನೆಯ ಮೇಲೆಯೇ ಒಡೆಯಿತು. ಕೆಲವರನ್ನು ಹೊರಹಾಕಿದರು, ನಡಾವಳಿ ಪುಸ್ತಕದಿಂದ ಆ ಕಾಲದ ಹಾಳೆಗಳು ಮಾಯವಾದವು. ಬ್ಲೇಕ್ ಮರುವರ್ಷವೇ ತಿರುಗಿಬಿದ್ದ. ‘ಸ್ವರ್ಗ ನರಕಗಳ ಮದುವೆ’ಯಲ್ಲಿ ಅವನು ಗುರುವನ್ನು ಗೇಲಿಮಾಡುವ ರೀತಿ ಶಿಷ್ಯನಿಗೆ ಮಾತ್ರ ಸಾಧ್ಯವಾಗುವಂಥದ್ದು. 1757ರಲ್ಲಿ ಆತ್ಮಲೋಕದಲ್ಲಿ ಕಡೆಯ ನ್ಯಾಯತೀರ್ಪು ಮುಗಿದು ಹೊಸ ಸ್ವರ್ಗ ಶುರುವಾಯಿತು ಎಂದಿದ್ದ ಸ್ವೀಡನ್‌ಬೋರ್ಗ್. ಹೌದು, ಅದು ಶುರುವಾಗಿ ಮೂವತ್ತಮೂರು ವರ್ಷವಾಯಿತು ಎನ್ನುತ್ತಾನೆ ಬ್ಲೇಕ್, ತಾನು ಹುಟ್ಟಿದ ವರ್ಷವನ್ನೇ ಬೆರಳುಮಾಡಿ. ಗುರು ಒಂದೇ ಒಂದು ಹೊಸ ಸತ್ಯ ಬರೆಯಲಿಲ್ಲ, ಹಳೆಯ ಸುಳ್ಳುಗಳನ್ನೆಲ್ಲ ಬರೆದ, ಏಕೆಂದರೆ ಅವನು ಧರ್ಮಿಷ್ಠರಾದ ದೇವದೂತರೊಡನೆ ಮಾತ್ರ ಮಾತಾಡಿದ, ಧರ್ಮವನ್ನು ದ್ವೇಷಿಸುವ ಪಿಶಾಚಿಗಳನ್ನು ಕೇಳಲೇ ಇಲ್ಲ. ಆತ್ಮದಿಂದ ಬೇರೆಯಾದ ದೇಹ ಮನುಷ್ಯನಿಗಿಲ್ಲ, ಚೈತನ್ಯವೇ ನಿತ್ಯಾನಂದ, ಹೆಣ್ಣಿನ ಬೆತ್ತಲೆ ದೇವರ ಕೆಲಸ, ಹೋತದ ಕಾಮ ದೇವರ ಔದಾರ್ಯ. ಈ ಸಾಲುಗಳ ಹಿಂದೆ ಯಾಕೋಬ್ ಬೋಮೆ ಎಂಬ ಜರ್ಮನ್ ಚಮ್ಮಾರ ಅನುಭಾವಿಯೂ ರಸವಾದಿ ವೈದ್ಯ ಪ್ಯಾರಸೆಲ್ಸಸ್‌ನೂ ಇದ್ದಾರೆಂದು ಬ್ಲೇಕ್ ತಾನೇ ಹೇಳಿಕೊಂಡಿದ್ದಾನೆ. ಬೋಮೆಯನ್ನು ಬಿಡಿಸಲು ಹೊರಟರೆ ಈ ಬರಹ ಮುಗಿಯುವುದಿಲ್ಲ.

ಇಲ್ಲಿಯವರೆಗೆ ನೆಲ ಗಟ್ಟಿ. ಮುಂದಿನದು ಜಾರುವ ನೆಲ.

ಶುಚರ್ಡ್ 2006ರಲ್ಲಿ ‘ಮಿಸೆಸ್ ಬ್ಲೇಕ್ ಅತ್ತದ್ದೇಕೆ’ ಎಂಬ ಹೆಸರಿನ ಪುಸ್ತಕ ಬರೆದರು. ಅವರ ವಾದದ ಸರಪಳಿ ಉದ್ದ. ಮೊರೇವಿಯನ್ನರಿಗೆ ಯೆಹೂದಿ ಕಬಾಲಾದ ಗುಪ್ತಜ್ಞಾನದ ಸಂಪರ್ಕವಿತ್ತು. ಲಂಡನ್ನಿನ ವೆಲ್‌ಕ್ಲೋಸ್ ಚೌಕದಲ್ಲಿದ್ದ ಸ್ಯಾಮ್ಯುಯೆಲ್ ಫಾಕ್ ಎಂಬ ಕಬಾಲಾ ಮಾಂತ್ರಿಕನ ಬಳಿ ಸ್ವೀಡನ್‌ಬೋರ್ಗ್ ಕಲಿತ. ಉಸಿರುಕಟ್ಟುವ ಅಭ್ಯಾಸ, ಕಾಮದ ಉದ್ರೇಕವನ್ನು ಹಿಡಿದು ದರ್ಶನಕ್ಕೆ ತಿರುಗಿಸುವ ವಿದ್ಯೆ, ಪೂರ್ವದೇಶಗಳಿಂದ ಬಂದ ತಂತ್ರದ ಸುದ್ದಿ, ಎಲ್ಲವೂ ಸೇರಿ ಬ್ಲೇಕ್‌ನ ಮಲಗುವ ಕೋಣೆಗೆ ತಲುಪಿದವು. ಪುಸ್ತಕದಲ್ಲಿ ಹೊಸ ದಾಖಲೆ ಬಹಳಷ್ಟಿದೆ. ಆದರೆ ‘ಇರಬಹುದು’ ಎಂದು ಒಂದು ಅಧ್ಯಾಯದಲ್ಲಿ ಬಂದದ್ದು ಮುಂದಿನ ಅಧ್ಯಾಯದಲ್ಲಿ ‘ಇದ್ದಂತೆ’ ಆಗಿ, ಅದರ ಮುಂದಿನದರಲ್ಲಿ ಬುನಾದಿಯೇ ಆಗಿಬಿಡುತ್ತದೆ. ಫಾಕ್‌ನಿಗೂ ಸ್ವೀಡನ್‌ಬೋರ್ಗ್‌ನಿಗೂ ಭೇಟಿಯಾದ ನೇರ ಪುರಾವೆಯಿಲ್ಲ. ಬ್ಲೇಕ್ ಇಂಥ ಸಾಧನೆ ಮಾಡುತ್ತಿದ್ದನೆಂದು ಅವನನ್ನು ಬಲ್ಲ ಯಾರೂ ಬರೆದಿಲ್ಲ.

ತಂತ್ರದ ಹೆಸರು ಕೇಳಿದೊಡನೆ ನಮಗೆ ಪುಳಕವಾಗುತ್ತದೆ. ನಮ್ಮದೇ ಏನೋ ಅಲ್ಲಿಗೆ ಹೋಗಿ ಒಬ್ಬ ಮಹಾಕವಿಯನ್ನು ಮಾಡಿತು ಎಂಬ ಸಣ್ಣ ಜಂಬ. ಸಿಕ್ಕಿರುವ ಎಳೆಗಳು ಮಾತ್ರ ತೆಳು. ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಭಗವದ್ಗೀತೆಯ ಇಂಗ್ಲಿಷ್ ಅನುವಾದ ಪ್ರಕಟಿಸಿದ. ಬ್ಲೇಕ್ 1809ರಲ್ಲಿ ತನ್ನ ಅಣ್ಣನ ಅಂಗಡಿಮನೆಯಲ್ಲಿ ನಡೆಸಿದ ಪ್ರದರ್ಶನದಲ್ಲಿ, ವಿಲ್ಕಿನ್ಸ್ ಬ್ರಾಹ್ಮಣರೊಡನೆ ಕೂತು ಗೀತೆಯನ್ನು ಅನುವಾದಿಸುತ್ತಿರುವ ಚಿತ್ರವೊಂದಿತ್ತು. ಚಿತ್ರ ಕಳೆದುಹೋಗಿದೆ, ಪಟ್ಟಿಯಲ್ಲಿನ ವಿವರಣೆ ಉಳಿದಿದೆ. ಇನ್ನೊಂದು ಎಳೆ ನಮ್ಮ ನೆಲವನ್ನೇ ಮುಟ್ಟುತ್ತದೆ. ಬ್ಲೇಕ್‌ಗೆ ಕೆತ್ತನೆಯ ಕೆಲಸ ಕೊಡುತ್ತಿದ್ದ ಜೋಸೆಫ್ ಜಾನ್ಸನ್‌ನ ಪ್ರಕಾಶನದಿಂದ 1810ರಲ್ಲಿ ಹಿಂದೂ ದೇವತೆಗಳ ಸಚಿತ್ರ ಗ್ರಂಥವೊಂದು ಬಂತು. ಬರೆದವನು ಎಡ್ವರ್ಡ್ ಮೂರ್. ಈತ ಟಿಪ್ಪುವಿನ ವಿರುದ್ಧ ಪರಶುರಾಮ ಭಾವುವಿನ ಮರಾಠಾ ಸೇನೆಯೊಂದಿಗೆ ಬಂದ ಕ್ಯಾಪ್ಟನ್ ಲಿಟಲ್‌ನ ಪಡೆಯಲ್ಲಿದ್ದ ಯುವ ಅಧಿಕಾರಿ. ಧಾರವಾಡದ ಕೋಟೆಯ ಮುತ್ತಿಗೆಯ ಕಥೆಯನ್ನು ಪುಸ್ತಕವಾಗಿ ಬರೆದವನು, 1791ರ ಕೊನೆಗೆ ಶಿವಮೊಗ್ಗದ ಬಳಿ ಗಾಜನೂರಿನ ಕಾಳಗದಲ್ಲಿ ಗಾಯಗೊಂಡವನು. ಅವನ ಗ್ರಂಥದ ಚಿತ್ರಗಳನ್ನು ಬ್ಲೇಕ್‌ನ ಕೆಲವು ಆಕೃತಿಗಳೊಡನೆ ಹೋಲಿಸಿದ ವಿದ್ವಾಂಸರಿದ್ದಾರೆ. ಆದರೆ 1810ರ ಹೊತ್ತಿಗೆ ಬ್ಲೇಕ್‌ಗೆ ಐವತ್ತೆರಡು. ದೇಹದ ಬಗ್ಗೆ ಅವನು ಹೇಳಬೇಕಾದ್ದರಲ್ಲಿ ಬಹುಪಾಲನ್ನು ಹೇಳಿಯಾಗಿತ್ತು.

ಗುಪ್ತ ಮಠ, ಗುಪ್ತ ವಿದ್ಯೆ ಹುಡುಕುವವರು ಕವಿತೆಗಳನ್ನು ಕೀಲಿಯಿಲ್ಲದ ಪೆಟ್ಟಿಗೆಯಂತೆ ನೋಡುತ್ತಾರೆ. ಬ್ಲೇಕ್ ಮುಚ್ಚಿಟ್ಟದ್ದು ಬಹಳ ಕಡಿಮೆ. 1794ರ ಹಾಡುಗಳಲ್ಲಿ ಒಬ್ಬ ತಾನು ಆಡುತ್ತಿದ್ದ ಪ್ರೇಮದ ತೋಟಕ್ಕೆ ಹೋಗುತ್ತಾನೆ. ಅಲ್ಲಿ ಈಗ ಪ್ರಾರ್ಥನಾಲಯ ಎದ್ದಿದೆ, ಬಾಗಿಲು ಮುಚ್ಚಿದೆ, ಮೇಲೆ ‘ನೀನು ಮಾಡಕೂಡದು’ ಎಂದು ಬರೆದಿದೆ, ಕಪ್ಪು ನಿಲುವಂಗಿಯ ಪಾದ್ರಿಗಳು ಸುತ್ತು ಹೊಡೆಯುತ್ತ ಅವನ ಸುಖಗಳನ್ನೂ ಆಸೆಗಳನ್ನೂ ಮುಳ್ಳಿನ ಬಳ್ಳಿಯಿಂದ ಬಿಗಿಯುತ್ತಿದ್ದಾರೆ. ಇದಕ್ಕೆ ಯಾವ ಕಬಾಲಾದ ಟಿಪ್ಪಣಿಯೂ ಬೇಡ. ಅವನ ನೋಟ್‌ಬುಕ್ಕಿನ ಒಂದು ಚುಟುಕದಲ್ಲಿ ಪ್ರಶ್ನೆಯೂ ಉತ್ತರವೂ ಇವೆ: ಗಂಡಸರು ಹೆಂಗಸರಲ್ಲಿ ಬಯಸುವುದೇನು? ತಣಿದ ಆಸೆಯ ಮುಖಲಕ್ಷಣ. ಹೆಂಗಸರು ಗಂಡಸರಲ್ಲಿ ಬಯಸುವುದೇನು? ತಣಿದ ಆಸೆಯ ಮುಖಲಕ್ಷಣ. ಒಂದೇ ಉತ್ತರವನ್ನು ಎರಡು ಸಲ ಬರೆದಿದ್ದಾನೆ. ಸ್ವೀಡನ್‌ಬೋರ್ಗ್‌ನ ಏಕಪಕ್ಷೀಯ ವಿನಾಯಿತಿಗೆ ಇದಕ್ಕಿಂತ ಚಿಕ್ಕ ಖಂಡನೆಯನ್ನು ನಾನು ಕಂಡಿಲ್ಲ.

ಆದರೆ 1793ರ ‘ಆಲ್ಬಿಯನ್ನಿನ ಹೆಣ್ಣುಮಕ್ಕಳ ದರ್ಶನಗಳು’ ಕಾವ್ಯಕ್ಕೆ ಬಂದಾಗ ನಾನು ಪ್ರತಿ ಸಲವೂ ತಡವರಿಸುತ್ತೇನೆ. ಊತೂನ್ ಎಂಬ ಹೆಣ್ಣು ಪ್ರಿಯನ ಬಳಿಗೆ ಹೋಗುವ ದಾರಿಯಲ್ಲಿ ಬಲಾತ್ಕಾರಕ್ಕೆ ಒಳಗಾಗುತ್ತಾಳೆ. ಪ್ರಿಯ ಅವಳನ್ನು ಮುಟ್ಟಲೊಲ್ಲದೆ ಅಳುತ್ತ ಕೂರುತ್ತಾನೆ. ಅವಳು ಮಾಡುವ ವಾದ ಆ ಕಾಲದ ಇಂಗ್ಲಿಷಿನಲ್ಲಿ ಹೆಣ್ಣಿನ ಹಕ್ಕುಗಳಿಗಾಗಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್‌ಳ ಗದ್ಯದ ಪಕ್ಕ ನಿಲ್ಲುವಂಥದ್ದು: ಒಬ್ಬನ ಹಿಂಸೆಯಿಂದ ನಾನು ಮೈಲಿಗೆಯಾಗುವುದು ಹೇಗೆ? ಹೀಗೆ ಏರುತ್ತ ಹೋದವಳು ಕೊನೆಯಲ್ಲಿ ಪ್ರಿಯನಿಗೆ ಒಂದು ಮಾತು ಕೊಡುತ್ತಾಳೆ. ರೇಷ್ಮೆಯ ಬಲೆ ಬೀಸಿ ನಿನಗಾಗಿ ಹುಡುಗಿಯರನ್ನು ಹಿಡಿದುತರುತ್ತೇನೆ, ದಿಬ್ಬದ ಮೇಲೆ ಪಕ್ಕದಲ್ಲಿ ಮಲಗಿ ನಿಮ್ಮ ಕೂಟವನ್ನು ನೋಡುತ್ತೇನೆ, ಹೊಟ್ಟೆಕಿಚ್ಚು ಪಡುವುದಿಲ್ಲ. ಇದು ಊತೂನ್‌ಳ ಬಿಡುಗಡೆಯೋ, ಅವಳ ಬಾಯಲ್ಲಿ ಕವಿ ಇಟ್ಟ ತನ್ನ ಆಸೆಯೋ? ಬಲೆ ಎಂಬ ವಸ್ತು ಬ್ಲೇಕ್‌ನ ಉಳಿದ ಕಾವ್ಯದಲ್ಲಿ ದಬ್ಬಾಳಿಕೆಯ ಉಪಕರಣ ಎಂಬುದನ್ನು ನೆನೆದರೆ, ಕವಿತೆಯೇ ಇಲ್ಲಿ ತನ್ನ ಮೇಲೆ ತಾನು ಅನುಮಾನಪಡುತ್ತಿದೆ ಎಂದು ವಾದಿಸಬಹುದು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಾಗಿಲ್ಲ.

ಇಲ್ಲಿಗೆ ಅವನ ಹೆಂಡತಿ ಬರುತ್ತಾಳೆ. ಅವಳ ಹೆಸರೂ ಕ್ಯಾಥರಿನ್. 1782ರ ಆಗಸ್ಟ್ 18ರಂದು ಬ್ಯಾಟರ್‌ಸಿಯಲ್ಲಿ ಮದುವೆಯಾದಾಗ ದಾಖಲೆಯಲ್ಲಿ ಅವಳು ಹಾಕಿದ್ದು ಅಡ್ಡಗೀಟಿನ ಗುರುತು. ಓದು, ಬರಹ, ಅಚ್ಚುಯಂತ್ರದ ಕೆಲಸ, ಬಣ್ಣ ತುಂಬುವುದು, ಎಲ್ಲವನ್ನೂ ಅವನಿಂದಲೇ ಕಲಿತಳು. ಇವತ್ತು ಕೋಟಿಗಳಿಗೆ ಮಾರಾಟವಾಗುವ ಪುಟಗಳಲ್ಲಿ ಕೆಲವಕ್ಕೆ ಬಣ್ಣ ಹಚ್ಚಿದ ಕೈ ಅವಳದು. ಮಕ್ಕಳಾಗಲಿಲ್ಲ. ಲ್ಯಾಂಬೆತ್‌ನ ತೋಟದಲ್ಲಿ ದಂಪತಿಗಳು ಬೆತ್ತಲೆ ಕೂತು ಮಿಲ್ಟನ್ ಓದುತ್ತಿದ್ದರು, ಬಂದ ಅತಿಥಿಯನ್ನು ‘ಬನ್ನಿ, ನಾವು ಆದಾಮ ಹವ್ವ ಅಷ್ಟೇ’ ಎಂದು ಕರೆದರು ಎಂಬ ಕಥೆಯನ್ನು ಎಲ್ಲರೂ ಇಷ್ಟಪಟ್ಟು ಹೇಳುತ್ತಾರೆ. ಬ್ಲೇಕ್‌ನ ಆಪ್ತರು ಅದನ್ನು ನಂಬಿರಲಿಲ್ಲ. ಗಿಲ್‌ಕ್ರಿಸ್ಟ್ ಹೇಳುವ ಇನ್ನೊಂದು ಪ್ರಸಂಗ ಅಷ್ಟು ಪ್ರಸಿದ್ಧವಲ್ಲ. ಮೈದುನ ರಾಬರ್ಟ್‌ನೊಡನೆ ವಾದಕ್ಕಿಳಿದು ಅವಳು ಏನೋ ಒರಟು ಮಾತಾಡಿದಳು. ಬ್ಲೇಕ್ ಎದ್ದು, ಮೊಣಕಾಲೂರಿ ಅವನ ಕ್ಷಮೆ ಕೇಳು, ಇಲ್ಲವಾದರೆ ಇನ್ನೆಂದೂ ನನ್ನ ಮುಖ ನೋಡಲಾರೆ ಎಂದ. ಅವಳು ಮೊಣಕಾಲೂರಿದಳು. ತಪ್ಪು ನನ್ನದೇ ಎಂದು ರಾಬರ್ಟ್ ಹೇಳಿದನಂತೆ. ನಿಷೇಧದ ದೇವರನ್ನು ಪುಟಪುಟದಲ್ಲೂ ಬೈದವನ ಮನೆಯಲ್ಲಿ ಇದು ನಡೆಯಿತು.

ಉಪಪತ್ನಿಯ ಮಾತು ಬರುವುದು ಬಹಳ ತಡವಾಗಿ. ಬ್ಲೇಕ್ ಹಳೆಯ ಒಡಂಬಡಿಕೆಯ ಪಿತೃಗಳ ಹಾಗೆ ಮನೆಗೆ ಒಬ್ಬ ಉಪಪತ್ನಿಯನ್ನು ತರಬೇಕೆಂದಿದ್ದನಂತೆ, ಮಿಸೆಸ್ ಬ್ಲೇಕ್ ಅತ್ತದ್ದರಿಂದ ಕೈಬಿಟ್ಟನಂತೆ ಎಂದು ಎಡ್ವಿನ್ ಎಲ್ಲಿಸ್ ಮತ್ತು ಕವಿ ಯೇಟ್ಸ್ 1893ರಲ್ಲಿ ಬರೆದರು. ಅಷ್ಟರಲ್ಲಿ ಆಕೆ ಸತ್ತು ಅರವತ್ತೆರಡು ವರ್ಷ. ಬಾಯಿಂದ ಬಾಯಿಗೆ ಬಂದ ಸುದ್ದಿ, ನ್ಯಾಯಾಲಯದಲ್ಲಿ ನಿಲ್ಲುವಂಥದ್ದಲ್ಲ. ಆದರೂ ಸ್ವೀಡನ್‌ಬೋರ್ಗ್‌ನ ಸಭೆ ಇದೇ ಪ್ರಶ್ನೆಯ ಮೇಲೆ ಒಡೆದದ್ದನ್ನು, ಆ ಸಭೆಯ ಕಾಗದದಲ್ಲಿ ಗಂಡಹೆಂಡಿರಿಬ್ಬರ ಸಹಿ ಇದ್ದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಸುದ್ದಿಯನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವಳು ಅತ್ತಿದ್ದರೆ ಯಾವ ಗುಪ್ತ ಸಾಧನೆಯ ಕಾರಣವನ್ನೂ ಹುಡುಕಬೇಕಾಗಿಲ್ಲ. ‘ಮಿಸ್ಟರ್ ಬ್ಲೇಕ್‌ರ ಸಹವಾಸ ನನಗೆ ಸಿಗುವುದು ಬಹಳ ಕಡಿಮೆ, ಅವರು ಯಾವಾಗಲೂ ಸ್ವರ್ಗದಲ್ಲಿರುತ್ತಾರೆ’ ಎಂದು ಅವಳು ಹೇಳಿದ್ದನ್ನು ಅವರ ಮನೆಗೆ ಹೋಗಿಬರುತ್ತಿದ್ದ ಸೀಮೋರ್ ಕರ್ಕಪ್ ಎಂಬ ಕಲಾವಿದ ನೆನಪಿಟ್ಟುಕೊಂಡಿದ್ದ. ಗಂಡನ ಸಿದ್ಧಾಂತದ ಬಗ್ಗೆ ಅವಳೇ ಬರೆದ ಸಾಲು ಒಂದೂ ನಮಗೆ ಉಳಿದಿಲ್ಲ. ಅತ್ತೆಯ ಪತ್ರವಾದರೋ, ಅರ್ಜಿಗಳನ್ನು ಕಟ್ಟಿಡುವ ಗುಮಾಸ್ತರು ಆ ಸಭೆಯಲ್ಲಿ ಇದ್ದದ್ದರಿಂದ ಉಳಿಯಿತು.

ಉಳಿದ ಕಾಗದಗಳಿಗೆ ಬೇರೆ ಗತಿಯಾಯಿತು. ಸುಮಾರು 1797ರಲ್ಲಿ ಶುರುಮಾಡಿ ಹತ್ತು ವರ್ಷ ತಿದ್ದಿದ ‘ವಾಲಾ ಅಥವಾ ನಾಲ್ಕು ಜೋವಾಗಳು’ ಎಂಬ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಅಂಚುಗಳ ಪೆನ್ಸಿಲ್ ಚಿತ್ರಗಳಲ್ಲಿ ಬಗೆಬಗೆಯ ಕೂಟಗಳಿದ್ದವು. ಒಂದು ಪುಟದಲ್ಲಿ ಕಿರೀಟ ತೊಟ್ಟ ಹೆಣ್ಣಿನ ಜನನಾಂಗದ ಜಾಗದಲ್ಲಿ ಗಾಥಿಕ್ ಶೈಲಿಯ ಒಂದು ಗುಡಿಯಿದೆ. ಯಾರೋ ಹಲವು ಚಿತ್ರಗಳನ್ನು ಉಜ್ಜಿ ಅಳಿಸಿದರು. 1987ರಲ್ಲಿ ವಿದ್ವಾಂಸರಾದ ಮ್ಯಾಗ್ನೋ ಮತ್ತು ಅರ್ಡ್‌ಮನ್ ಇನ್‌ಫ್ರಾರೆಡ್ ಛಾಯಾಚಿತ್ರಗಳ ನೆರವಿನಿಂದ ಅವುಗಳನ್ನು ಮತ್ತೆ ಓದುವಂತೆ ಮಾಡಿದರು. ಇನ್ನುಳಿದ ರಾಶಿ ಹಸ್ತಪ್ರತಿಗಳು 1831ರಲ್ಲಿ ಕ್ಯಾಥರಿನ್ ಸತ್ತ ಮೇಲೆ ಫ್ರೆಡರಿಕ್ ಟ್ಯಾಥಮ್ ಎಂಬ ಶಿಲ್ಪಿಯ ಪಾಲಾದವು. ಆತ ಮುಂದೆ ಎಡ್ವರ್ಡ್ ಇರ್ವಿಂಗ್ ಎಂಬ ಪಾದ್ರಿಯ ಕ್ರೈಸ್ತ ಪಂಥಕ್ಕೆ ಸೇರಿ, ಇವು ಸೈತಾನ ಬರೆಸಿದವು ಎಂದು ಸುಟ್ಟ.

ತಾಯಿಯ ಸಭೆ ದೇವರ ದೇಹದಲ್ಲಿ ಒಂದು ಗಾಯವನ್ನು ಆರಿಸಿ ಅದರೊಳಗೆ ಮನೆ ಮಾಡಿತು. ಸ್ವೀಡನ್‌ಬೋರ್ಗ್ ಕೂಟವನ್ನು ಸ್ವರ್ಗಕ್ಕೆ ಸಾಗಿಸಿ ಅಲ್ಲೂ ಮದುವೆಯ ನಿಯಮ ಬರೆದ. ಬ್ಲೇಕ್ 1804ರಿಂದ 1820ರವರೆಗೆ ಕೆತ್ತಿದ ‘ಜೆರುಸಲೇಮ್’ ಕಾವ್ಯದಲ್ಲಿ ಎರಡನ್ನೂ ದಾಟುವ ಸಾಲೊಂದು ಬರುತ್ತದೆ: ಅಪ್ಪುಗೆಯೆಂದರೆ ತಲೆಯಿಂದ ಪಾದದವರೆಗೂ ಬೆರೆಯುವುದು, ಗುಟ್ಟಿನ ಜಾಗದಿಂದ ಒಳಹೋಗುವ ಆಡಂಬರದ ಮಹಾಪುರೋಹಿತನಲ್ಲ. ಕಾಮದಲ್ಲೂ ಪುರೋಹಿತಶಾಹಿ ಇದೆ ಎಂದು ಕಂಡುಕೊಂಡವನು ಅವನು. ಗುಪ್ತವಿದ್ಯೆಯ ಕೈಪಿಡಿಯಲ್ಲಿ ಈ ಸಾಲಿಗೆ ಜಾಗವೆಲ್ಲಿದೆ?

ಅವನು ಅಲ್ಲಿಗೇ ನಿಂತಿದ್ದರೆ ಕಥೆಗೆ ಒಳ್ಳೆಯ ಆಕಾರ ಬರುತ್ತಿತ್ತು. 1826ರ ಜೂನ್‌ನಲ್ಲಿ, ಸಾಯಲು ಒಂದು ವರ್ಷ ಉಳಿದಿರುವಾಗ, ಅರವತ್ತೆಂಟರ ಬ್ಲೇಕ್ ಪರಿಚಿತನಾದ ದಿನಚರಿಕಾರ ಹೆನ್ರಿ ಕ್ರಾಬ್ ರಾಬಿನ್ಸನ್‌ಗೆ ಹೆಂಡಂದಿರು ಎಲ್ಲರಿಗೂ ಸೇರಿದವರಾಗಿರಬೇಕು, ಇದನ್ನು ತಾನು ಬೈಬಲ್ಲಿನಿಂದಲೇ ಕಲಿತೆ ಎಂದು ಹೇಳಿದ. ರಾಬಿನ್ಸನ್ ದಿನಚರಿಯಲ್ಲಿ ಆ ತುಣುಕನ್ನು ಮಾತ್ರ ಜರ್ಮನ್ ಭಾಷೆಯಲ್ಲಿ ಬರೆದುಕೊಂಡ. ಗಂಡಂದಿರ ಸುದ್ದಿ ಅದರಲ್ಲಿಲ್ಲ. ಮದುವೆ ದೇವರೇ ಸ್ಥಾಪಿಸಿದ್ದಲ್ಲವೇ ಎಂದು ರಾಬಿನ್ಸನ್ ಆಕ್ಷೇಪಿಸಿದಾಗ ಬ್ಲೇಕ್ ಕೊಟ್ಟ ಉತ್ತರ ಬೈಬಲ್ಲಿನ ವಾಕ್ಯ: ‘ಆದಿಯಿಂದ ಹಾಗಿರಲಿಲ್ಲ.’ ಮತ್ತಾಯನ ಸುವಾರ್ತೆಯಲ್ಲಿ ಯೇಸು ಆ ಮಾತನ್ನು ಆಡುವುದು ಹೆಂಡತಿಯನ್ನು ಬಿಟ್ಟುಬಿಡುವ ಗಂಡಸರನ್ನು ತಡೆಯುವುದಕ್ಕೆ.